ಸುಲ್ತಾನ್ ಏನು ನೋಡ್ತಿದ್ದ?

ಕೋಡ್ ರನ್ ಆಗ್ಲಿಲ್ಲ ಅಂದ್ರೆ ನಾವು ಏನು ಮಾಡ್ತೀವಿ? ಒಂದು ಲೈನ್ ಬದಲಾಯಿಸಿ ರನ್ ಮಾಡ್ತೀವಿ. ಇನ್ನೊಂದು ಲೈನ್ ಬದಲಾಯಿಸಿ ಮತ್ತೆ ರನ್ ಮಾಡ್ತೀವಿ. ಹತ್ತನೇ ಸಲ ಔಟ್‌ಪುಟ್ ಬಂದ್ರೆ ಖುಷಿ. ಯಾಕೆ ಬಂತು ಅಂತ ವೈವಾದಲ್ಲಿ ಕೇಳಿದ್ರೆ ಮಾತ್ರ ತಲೆ ಕೆರೆದುಕೊಳ್ತೀವಿ. ಕಳೆದ ಸೆಮಿಸ್ಟರ್‌ನಲ್ಲಿ ನನಗೆ ಹೀಗಾದಾಗ, ಬಿ.ಎಡ್ ಓದಿರೋ ನನ್ನ ಚಿಕ್ಕಮ್ಮ ನಕ್ಕು, ಸುಲ್ತಾನ್ ಅನ್ನೋ ಚಿಂಪಾಂಜಿಯ ಕಥೆ ಹೇಳಿದ್ರು. ಆ ಸುಲ್ತಾನನನ್ನ ನೋಡ್ತಾ ನೋಟ್ಸ್ ಬರೆದುಕೊಳ್ತಿದ್ದವರು ವೋಲ್ಫ್‌ಗಾಂಗ್ ಕೋಹ್ಲರ್.

ಕೋಹ್ಲರ್ ಹುಟ್ಟಿದ್ದು 1887ರ ಜನವರಿ 21ರಂದು, ಇವತ್ತು ಎಸ್ಟೋನಿಯಾದ ರಾಜಧಾನಿಯಾಗಿರೋ ಟಾಲಿನ್‌ನಲ್ಲಿ. ಆಗ ಅದು ರಷ್ಯಾ ಸಾಮ್ರಾಜ್ಯದ ರೆವಾಲ್ ಅನ್ನೋ ಊರು. ಮನೆಯವರು ಜರ್ಮನ್ನರು. ಅವರು ಚಿಕ್ಕವರಿದ್ದಾಗಲೇ ಕುಟುಂಬ ಜರ್ಮನಿಗೆ ಬಂತು. ಬರ್ಲಿನ್‌ನಲ್ಲಿ ಮ್ಯಾಕ್ಸ್ ಪ್ಲಾಂಕ್ ಅವರ ಫಿಸಿಕ್ಸ್ ಪಾಠ ಕೇಳಿದರು. 1909ರಲ್ಲಿ ಕಾರ್ಲ್ ಸ್ಟುಂಫ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಮುಗಿಸಿದರು. ನಂತರ ಫ್ರಾಂಕ್‌ಫರ್ಟ್‌ನಲ್ಲಿ ಮ್ಯಾಕ್ಸ್ ವರ್ಟ್‌ಹೈಮರ್, ಕುರ್ಟ್ ಕಾಫ್ಕಾ ಜೊತೆಯಾದರು. ನಮ್ಮ ಮನಸ್ಸು ಬಿಡಿಬಿಡಿ ಚೂರುಗಳನ್ನ ಕೂಡಿಸೋದಿಲ್ಲ, ಇಡೀ ಚಿತ್ರವನ್ನೇ ಒಟ್ಟಿಗೆ ಗ್ರಹಿಸುತ್ತೆ ಅನ್ನೋ ಗೆಸ್ಟಾಲ್ಟ್ ಮನೋವಿಜ್ಞಾನ ಶುರುವಾಗಿದ್ದು ಈ ಮೂವರಿಂದ.

ಆ ಕಾಲಕ್ಕೆ ಅಮೆರಿಕದ ಥಾರ್ನ್‌ಡೈಕ್ ಬೆಕ್ಕುಗಳನ್ನ ಪೆಟ್ಟಿಗೆಯಲ್ಲಿ ಹಾಕಿ ಪ್ರಯೋಗ ಮಾಡಿದ್ದರು. ಬೆಕ್ಕು ಅಲ್ಲಿ ಇಲ್ಲಿ ಪರಚಿ, ಅಕಸ್ಮಾತ್ ಬಾಗಿಲು ತೆಗೆದು, ನಿಧಾನಕ್ಕೆ ಕಲಿಯುತ್ತಿತ್ತು. ಪ್ರಾಣಿಗಳು ಕಲಿಯೋದು ಪ್ರಯತ್ನ ಮತ್ತು ತಪ್ಪುಗಳಿಂದ ಅಂತ ಅವರು ಹೇಳಿದರು. ಕೋಹ್ಲರ್‌ಗೆ ಒಪ್ಪಿಗೆ ಆಗಲಿಲ್ಲ. ಬಾಗಿಲಿನ ಮೆಕ್ಯಾನಿಸಂ ಬೆಕ್ಕಿಗೆ ಕಾಣೋದೇ ಇಲ್ಲ, ಹಾಗಿದ್ದಾಗ ಅದು ಯೋಚಿಸೋದಾದ್ರೂ ಹೇಗೆ ಅನ್ನೋದು ಅವರ ತಕರಾರು.

1913ರ ಕೊನೆಯಲ್ಲಿ ಅವರು ಆಫ್ರಿಕಾ ಕರಾವಳಿಯ ಹತ್ತಿರ ಇರೋ ಸ್ಪೇನ್‌ನ ಟೆನೆರಿಫ್ ದ್ವೀಪಕ್ಕೆ ಹೋದರು. ಅಲ್ಲಿ ಪ್ರಷ್ಯನ್ ವಿಜ್ಞಾನ ಅಕಾಡೆಮಿಯ ಚಿಂಪಾಂಜಿ ಕೇಂದ್ರ ಇತ್ತು. ಮುಂದಿನ ವರ್ಷ ಮೊದಲ ಮಹಾಯುದ್ಧ ಶುರುವಾಗಿ ವಾಪಸ್ ಬರೋ ದಾರಿ ಮುಚ್ಚಿತು. ಆರು ವರ್ಷ ಅಲ್ಲೇ ಉಳಿದರು. ಜರ್ಮನ್ ಗೂಢಚಾರ ಅನ್ನೋ ಅನುಮಾನವೂ ಅವರ ಮೇಲೆ ಬಂತು.

ಅವರ ಪ್ರಯೋಗಗಳಲ್ಲಿ ಎಲ್ಲವೂ ಕಣ್ಣೆದುರೇ ಇರುತ್ತಿತ್ತು. ಕಂಬಿಯ ಆಚೆ ಬಾಳೆಹಣ್ಣು, ಈಚೆ ಕೋಲು. ಕೋಲು ಹಣ್ಣಿನ ಪಕ್ಕದಲ್ಲೇ ಕಂಡರೆ ಚಿಂಪಾಂಜಿ ಬೇಗ ಬಳಸುತ್ತಿತ್ತು. ಅದೇ ಕೋಲು ಬೆನ್ನ ಹಿಂದೆ ಇದ್ದರೆ ಕಷ್ಟಪಡುತ್ತಿತ್ತು. ಅಂದ್ರೆ ಎಲ್ಲಿ ನೋಡ್ತಿದೆ ಅನ್ನೋದೇ ಏನು ಯೋಚಿಸ್ತಿದೆ ಅನ್ನೋದಕ್ಕೆ ಸುಳಿವು. ಗ್ರಾಂಡೆ ಅನ್ನೋ ಚಿಂಪಾಂಜಿ ನಾಲ್ಕು ಪೆಟ್ಟಿಗೆಗಳನ್ನ ಒಂದರ ಮೇಲೊಂದು ಇಟ್ಟು ಹತ್ತಿತು. ಅದರ ಕಟ್ಟಡ ನೋಡಿದ್ರೆ ನಮ್ಮ ಸಿವಿಲ್‌ನವರು ಗಾಬರಿಯಾಗ್ತಿದ್ರು!

ಸುಲ್ತಾನ್‌ಗೆ ಕೊಟ್ಟಿದ್ದು ಎರಡು ಬಿದಿರು ಕೋಲು. ಒಂದೊಂದೂ ಗಿಡ್ಡ, ಹಣ್ಣು ಎಟುಕಲ್ಲ. ಒಂದು ಗಂಟೆಗೂ ಹೆಚ್ಚು ಒದ್ದಾಡಿ ಸುಲ್ತಾನ್ ಕೈಬಿಟ್ಟ. ಕೋಹ್ಲರ್ ಕೂಡ ಎದ್ದು ಹೋದರು. ಆಮೇಲೆ ಸುಮ್ಮನೆ ಕೂತು ಕೋಲುಗಳ ಜೊತೆ ಆಡ್ತಿದ್ದ ಸುಲ್ತಾನ್, ಸಣ್ಣ ಕೋಲನ್ನ ದಪ್ಪ ಕೋಲಿನ ತೂತಿಗೆ ಸೇರಿಸಿದ. ತಕ್ಷಣ ಕಂಬಿ ಹತ್ತಿರ ಓಡಿ ಹಣ್ಣು ಎಳೆದುಕೊಂಡ. ಮನೋವಿಜ್ಞಾನದ ಇಷ್ಟು ದೊಡ್ಡ ಕ್ಷಣವನ್ನ ನೋಡಿದ್ದು ಚಿಂಪಾಂಜಿಗಳನ್ನ ನೋಡಿಕೊಳ್ತಿದ್ದ ಕೆಲಸದವ. ಅವನು ಕರೆದ ಮೇಲೆ ಕೋಹ್ಲರ್ ಬಂದರು. 1917ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಇದನ್ನ ಮುಚ್ಚಿಡದೆ ಬರೆದಿದ್ದಾರೆ.

ಯುದ್ಧ ಮುಗಿದ ಮೇಲೆ ಬರ್ಲಿನ್‌ನ ಮನೋವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. 1933ರಲ್ಲಿ ಹಿಟ್ಲರ್ ಬಂದ. ಯಹೂದಿ ಪ್ರೊಫೆಸರ್‌ಗಳನ್ನ ಕೆಲಸದಿಂದ ತೆಗೆಯತೊಡಗಿದರು. ವರ್ಟ್‌ಹೈಮರ್ ದೇಶ ಬಿಟ್ಟರು. ಕೋಹ್ಲರ್ ಯಹೂದಿ ಅಲ್ಲ, ಸುಮ್ಮನಿದ್ದಿದ್ರೆ ಕುರ್ಚಿ ಭದ್ರವಾಗಿತ್ತು. ಆದರೆ ಏಪ್ರಿಲ್ 28ರಂದು ಬರ್ಲಿನ್‌ನ ಪತ್ರಿಕೆಯೊಂದರಲ್ಲಿ ಇದನ್ನ ವಿರೋಧಿಸಿ ಲೇಖನ ಬರೆದರು. ಪೊಲೀಸರು ಬರ್ತಾರೆ ಅಂತ ಕಾಯ್ತಾ, ಗೆಳೆಯರ ಜೊತೆ ರಾತ್ರಿ ಸಂಗೀತ ನುಡಿಸುತ್ತಾ ಕೂತರು. ಯಾರೂ ಬರಲಿಲ್ಲ. ಆದರೆ ಸಂಸ್ಥೆಯ ಒಳಗೆ ನಾಜಿಗಳ ಕೈ ನುಗ್ಗುತ್ತಲೇ ಹೋಯಿತು. 1935ರಲ್ಲಿ ರಾಜೀನಾಮೆ ಕೊಟ್ಟು ಅಮೆರಿಕದ ಸ್ವಾರ್ತ್‌ಮೋರ್ ಕಾಲೇಜಿಗೆ ಹೋದರು. 1967ರ ಜೂನ್ 11ರಂದು ಅಲ್ಲೇ ಅಮೆರಿಕದಲ್ಲಿ ತೀರಿಕೊಂಡರು.

2001ರಲ್ಲಿ ಜರ್ಮನಿಯ ಲೈಪ್‌ಜಿಗ್ ಜೂನಲ್ಲಿ ವಾನರ ಸಂಶೋಧನಾ ಕೇಂದ್ರ ಶುರುವಾದಾಗ ಅದಕ್ಕೆ ಇಟ್ಟಿದ್ದು ಕೋಹ್ಲರ್ ಹೆಸರನ್ನೇ. ಅಲ್ಲಿ ಈಗ ಐ ಟ್ರ್ಯಾಕರ್ ಇದೆ. ಇನ್‌ಫ್ರಾರೆಡ್ ಬೆಳಕು ಕಣ್ಣಿನ ಮೇಲೆ ಬಿದ್ದು ಹೊಳೆಯೋ ಚುಕ್ಕೆ ಮತ್ತು ಕಣ್ಣಿನ ಪಾಪೆ, ಇವೆರಡರ ಸ್ಥಾನ ನೋಡಿ ದೃಷ್ಟಿ ಸ್ಕ್ರೀನ್‌ನಲ್ಲಿ ಎಲ್ಲಿದೆ ಅಂತ ಲೆಕ್ಕ ಹಾಕುತ್ತೆ. ಕಟ್ಟಿಹಾಕೋದಿಲ್ಲ. ನಳಿಕೆಯಲ್ಲಿ ಜ್ಯೂಸ್ ಕೊಟ್ಟರೆ ತಲೆ ತಾನೇ ಅಲ್ಲಾಡದೆ ನಿಲ್ಲುತ್ತೆ. 2016ರಲ್ಲಿ ಇಲ್ಲಿ ಮತ್ತು ಜಪಾನಿನ ಕುಮಾಮೊಟೊದಲ್ಲಿ ವಾನರಗಳಿಗೆ ಒಂದು ವಿಡಿಯೋ ತೋರಿಸಿದರು. ವಾನರ ವೇಷದವನು ಹುಲ್ಲಿನ ಬಣವೆಯಲ್ಲಿ ಅಡಗಿಕೊಳ್ತಾನೆ. ಅದನ್ನ ನೋಡಿದ ಮನುಷ್ಯ ಆಚೆ ಹೋದಾಗ ಅವನು ಅಲ್ಲಿಂದ ಪರಾರಿ. ಮನುಷ್ಯ ವಾಪಸ್ ಬಂದಾಗ ನೋಡುತ್ತಿದ್ದ ವಾನರಗಳಲ್ಲಿ ಹೆಚ್ಚಿನವುಗಳ ಕಣ್ಣು ಮೊದಲು ಹೋಗಿದ್ದು ಅವನು ತಪ್ಪಾಗಿ ನಂಬಿಕೊಂಡಿದ್ದ ಬಣವೆಯ ಕಡೆಗೇ. ಇನ್ನೊಬ್ಬರ ತಪ್ಪು ನಂಬಿಕೆಯೂ ಅವುಗಳ ಲೆಕ್ಕಕ್ಕೆ ಬರುತ್ತೆ ಅನ್ನೋದಕ್ಕೆ ಅದು ದೊಡ್ಡ ಸುಳಿವು.

ಕೋಹ್ಲರ್ ಹೇಳಿದ್ದೆಲ್ಲ ಹಾಗೇ ನಿಂತಿಲ್ಲ. ಮೊದಲು ಕೋಲುಗಳ ಜೊತೆ ಆಡಿ ಅಭ್ಯಾಸ ಇಲ್ಲದಿದ್ದರೆ ಚಿಂಪಾಂಜಿಗೆ ಆ ಹೊಳಹು ಬರೋದು ಕಷ್ಟ ಅಂತ ಹರ್ಬರ್ಟ್ ಬರ್ಚ್ 1945ರಲ್ಲಿ ತೋರಿಸಿದರು. ಹಾಗಾಗಿ ನಮಗೆ ಲ್ಯಾಬ್ ತಪ್ಪಲ್ಲ. ಆದರೆ ಮುಂದಿನ ಸಲ ಎರರ್ ಬಂದಾಗ ನಾನು ಕೀಬೋರ್ಡ್ ಬಿಟ್ಟು, ಐದು ನಿಮಿಷ ಇಡೀ ಪ್ರೋಗ್ರಾಂ ನೋಡ್ತಾ ಕೂರ್ತೀನಿ. ಲ್ಯಾಬ್‌ನಲ್ಲಿ ಯಾರಾದ್ರೂ ಯಾಕೆ ಸುಮ್ನೆ ಕೂತಿದ್ದೀಯಾ ಅಂದ್ರೆ, ಸುಲ್ತಾನ್ ಕಥೆ ಹೇಳ್ತೀನಿ.