ಎಮಿಲ್ ಜಾಟೊಪೆಕ್

ಎಮಿಲ್ ಜಾಟೊಪೆಕ್ (1922–2000) ಚೆಕೊಸ್ಲೊವಾಕಿಯಾದ ದೂರದ ಓಟಗಾರರು. ಪಾದರಕ್ಷೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಇವರು ಅದನ್ನು ತೊರೆದು ಸೇನೆಗೆ ಸೇರಿ, ಅಲ್ಲಿ ದೊರೆತ ಬಿಡುವನ್ನು ಓಟದ ಅಭ್ಯಾಸಕ್ಕೆ ಮೀಸಲಿಟ್ಟರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರ್, 10,000 ಮೀಟರ್ ಮತ್ತು ಮ್ಯಾರಥಾನ್ ಓಟಗಳಲ್ಲಿ ಚಿನ್ನದ ಪದಕ ಪಡೆದರು. ಒಂದೇ ಒಲಿಂಪಿಕ್ಸ್‌ನಲ್ಲಿ ಈ ಮೂರೂ ಸ್ಪರ್ಧೆಗಳನ್ನು ಗೆದ್ದ ಏಕೈಕ ಓಟಗಾರರು ಇವರು.

ಬಾಲ್ಯ ಮತ್ತು ಕಾರ್ಖಾನೆಯ ದಿನಗಳು

ಜಾಟೊಪೆಕ್ 1922ರ ಸೆಪ್ಟೆಂಬರ್ 19ರಂದು ಮೊರಾವಿಯಾ ಪ್ರಾಂತ್ಯದ ಕೊಪ್ರಿವ್ನಿಟ್ಸೆ ಎಂಬ ಊರಿನಲ್ಲಿ ಜನಿಸಿದರು. ತಂದೆ ಬಡಗಿ; ಮನೆಯಲ್ಲಿ ಮಕ್ಕಳು ಹಲವರು, ವರಮಾನ ಅಲ್ಪ. ಹೀಗಾಗಿ ಎಮಿಲ್ ಹದಿಹರೆಯದಲ್ಲಿಯೇ ಜ್ಲಿನ್ ನಗರದ ಬಾಟಾ ಪಾದರಕ್ಷೆ ಕಾರ್ಖಾನೆಯನ್ನು ಸೇರಿದರು.

ಅಲ್ಲಿಯವರೆಗೆ ಅವರಿಗೆ ಓಟದಲ್ಲಿ ಆಸಕ್ತಿ ಇರಲಿಲ್ಲ. 1941ರಲ್ಲಿ ಕಾರ್ಖಾನೆಯ ತರಬೇತುದಾರರು ಕೆಲವು ಹುಡುಗರನ್ನು ಆರಿಸಿ ಓಟದ ಸ್ಪರ್ಧೆಗೆ ಕಳುಹಿಸಿದಾಗ, ಅವರಲ್ಲಿ ಒಬ್ಬರಾಗಿದ್ದ ಜಾಟೊಪೆಕ್ ತಾನು ಅಶಕ್ತನೆಂದು ಹೇಳಿ ತಪ್ಪಿಸಿಕೊಳ್ಳಲು ಯತ್ನಿಸಿದರು. ವೈದ್ಯರು ಪರೀಕ್ಷಿಸಿ ಯಾವ ತೊಂದರೆಯೂ ಇಲ್ಲವೆಂದರು. ಸುಮಾರು ನೂರು ಮಂದಿ ಓಡಿದ ಆ ಸ್ಪರ್ಧೆಯಲ್ಲಿ ಅವರು ಎರಡನೆಯ ಸ್ಥಾನ ಪಡೆದರು. ಬಳಿಕ ಸ್ಥಳೀಯ ಕ್ರೀಡಾ ಸಂಘವನ್ನು ಸೇರಿ, ಫಿನ್ಲೆಂಡಿನ ಓಟಗಾರ ಪಾವೋ ನೂರ್ಮಿಯವರ ಬಗ್ಗೆ ಓದಿ ತಿಳಿದುದನ್ನು ಆಧರಿಸಿ ತಮ್ಮದೇ ಅಭ್ಯಾಸಕ್ರಮವನ್ನು ರೂಪಿಸಿಕೊಂಡರು. 1944ರ ವೇಳೆಗೆ 2,000, 3,000 ಮತ್ತು 5,000 ಮೀಟರ್ ಓಟಗಳ ರಾಷ್ಟ್ರೀಯ ದಾಖಲೆಗಳು ಅವರ ಹೆಸರಿನಲ್ಲಿದ್ದವು.

ಸೇನೆಗೆ ಸೇರ್ಪಡೆ

ಅಂದಿನ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಓಟಕ್ಕಾಗಿ ಹಣ ಪಡೆದವರು ಒಲಿಂಪಿಕ್ಸ್‌ನಲ್ಲಿ ಭಾಗವಹಿಸುವಂತಿರಲಿಲ್ಲ. ಹೀಗಾಗಿ ಓಟಗಾರರು ಜೀವನೋಪಾಯಕ್ಕೆ ಬೇರೆ ಉದ್ಯೋಗವನ್ನು ಅವಲಂಬಿಸಬೇಕಿತ್ತು. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಜಾಟೊಪೆಕ್ ಕಾರ್ಖಾನೆಯನ್ನು ಬಿಟ್ಟು ಸೇನೆಗೆ ಸೇರಿದರು. ಸೇನೆಯು ಅವರಿಗೆ ಕ್ರಮೇಣ ಹೆಚ್ಚಿನ ಅಭ್ಯಾಸದ ಸಮಯವನ್ನು ಒದಗಿಸಿತು. 1946ರಲ್ಲಿ ಓಸ್ಲೊದಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್‌ನ 5,000 ಮೀಟರ್ ಓಟದಲ್ಲಿ ಅವರು ಐದನೆಯವರಾದರು.

ಅಭ್ಯಾಸ ವಿಧಾನ

400 ಮೀಟರ್ ದೂರವನ್ನು ವೇಗವಾಗಿ ಓಡುವುದು, ಅಲ್ಪಕಾಲ ನಿಧಾನವಾಗಿ ಓಡುತ್ತ ಸುಧಾರಿಸಿಕೊಳ್ಳುವುದು, ಮತ್ತೆ ವೇಗವಾಗಿ ಓಡುವುದು ಅವರ ಅಭ್ಯಾಸದ ತಿರುಳಾಗಿತ್ತು. ಇದನ್ನು ಒಂದೇ ದಿನ ಹತ್ತಾರು ಬಾರಿ ಪುನರಾವರ್ತಿಸುತ್ತಿದ್ದರು. ಹಿಮ ಬಿದ್ದಾಗಲೂ ಸೇನೆಯ ಭಾರವಾದ ಬೂಟು ಧರಿಸಿ ಓಡುತ್ತಿದ್ದರು. ತಲೆಯನ್ನು ಅತ್ತಿತ್ತ ಹೊರಳಿಸುತ್ತ, ಮುಖ ಕಿವಿಚುತ್ತ, ಏದುಸಿರು ಬಿಡುತ್ತ ಓಡುವ ಅವರ ಶೈಲಿಯಿಂದಾಗಿ ಚೆಕ್ ರೈಲು ಎಂಜಿನ್ ಎಂಬ ಅಡ್ಡಹೆಸರು ಬಂದಿತು.

ಒಲಿಂಪಿಕ್ಸ್ ಸಾಧನೆಗಳು

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಟವನ್ನು 29 ನಿಮಿಷ 59.6 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನ ಗೆದ್ದರು. 5,000 ಮೀಟರ್ ಓಟದಲ್ಲಿ ಬೆಲ್ಜಿಯಂನ ಗ್ಯಾಸ್ಟನ್ ರೀಫ್ ಅವರಿಗಿಂತ 0.2 ಸೆಕೆಂಡು ಹಿಂದೆ ಬಿದ್ದು ಬೆಳ್ಳಿ ಪಡೆದರು. ಅದೇ ವರ್ಷ ಭರ್ಜಿ ಎಸೆತಗಾರ್ತಿ ಡಾನಾ ಅವರನ್ನು ವಿವಾಹವಾದರು. ಇಬ್ಬರೂ ಹುಟ್ಟಿದ್ದು ಒಂದೇ ದಿನ, ಒಂದೇ ವರ್ಷ.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಮುನ್ನ, ರಾಜಕೀಯ ಕೈದಿಯೊಬ್ಬರ ಮಗನೆಂಬ ಕಾರಣಕ್ಕೆ ಓಟಗಾರ ಸ್ಟಾನಿಸ್ಲಾವ್ ಯುಂಗ್‌ವಿರ್ಟ್ ಅವರನ್ನು ಅಧಿಕಾರಿಗಳು ತಂಡದಿಂದ ಕೈಬಿಟ್ಟರು. ಅವರು ಬಾರದಿದ್ದರೆ ತಾವೂ ಹೋಗುವುದಿಲ್ಲವೆಂದು ಜಾಟೊಪೆಕ್ ಪಟ್ಟುಹಿಡಿದರು. ಕೊನೆಗೆ ಇಬ್ಬರಿಗೂ ಅನುಮತಿ ದೊರೆಯಿತು. ಜಾಟೊಪೆಕ್ ಜುಲೈ 20ರಂದು 10,000 ಮೀಟರ್, 24ರಂದು 5,000 ಮೀಟರ್ ಓಟಗಳನ್ನು ಗೆದ್ದರು. 24ರಂದೇ ಡಾನಾ ಭರ್ಜಿ ಎಸೆತದಲ್ಲಿ ಚಿನ್ನ ಗಳಿಸಿದರು. ಅಲ್ಲಿಯವರೆಗೆ ಒಮ್ಮೆಯೂ ಮ್ಯಾರಥಾನ್ ಓಡದಿದ್ದ ಜಾಟೊಪೆಕ್ 27ರಂದು ಅದನ್ನೂ 2 ಗಂಟೆ 23 ನಿಮಿಷ 3.2 ಸೆಕೆಂಡುಗಳಲ್ಲಿ ಮುಗಿಸಿ ಗೆದ್ದರು. ಮೂರೂ ಒಲಿಂಪಿಕ್ ದಾಖಲೆಗಳಾದವು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಕೆಲವೇ ವಾರಗಳ ಮೊದಲು ಹರ್ನಿಯಾದಿಂದ ಬಳಲಿದ್ದ ಅವರು ಅಲ್ಲಿ ಮ್ಯಾರಥಾನ್‌ನಲ್ಲಿ ಆರನೆಯ ಸ್ಥಾನ ಪಡೆದರು.

ವಿಶ್ವದಾಖಲೆಗಳು

ಜಾಟೊಪೆಕ್ ವಿವಿಧ ದೂರಗಳಲ್ಲಿ ಒಟ್ಟು 18 ವಿಶ್ವದಾಖಲೆಗಳನ್ನು ಸ್ಥಾಪಿಸಿದರು. 1951ರಲ್ಲಿ ಒಂದು ಗಂಟೆಯಲ್ಲಿ 20,052 ಮೀಟರ್ ಓಡಿ, ಆ ಅವಧಿಯಲ್ಲಿ 20 ಕಿಲೋಮೀಟರ್ ದಾಟಿದ ಮೊದಲಿಗರಾದರು. 1954ರಲ್ಲಿ ಬ್ರಸೆಲ್ಸ್‌ನಲ್ಲಿ 10,000 ಮೀಟರ್ ಓಟವನ್ನು 28 ನಿಮಿಷ 54.2 ಸೆಕೆಂಡುಗಳಲ್ಲಿ ಮುಗಿಸಿದರು. 29 ನಿಮಿಷಗಳೊಳಗೆ ಈ ದೂರವನ್ನು ಓಡಿದವರಲ್ಲಿ ಅವರೇ ಮೊದಲಿಗರು.

1968ರ ನಂತರದ ಜೀವನ

ಸೇನೆಯಲ್ಲಿ ಕರ್ನಲ್ ಹುದ್ದೆಗೇರಿದ್ದ ಜಾಟೊಪೆಕ್ 1968ರಲ್ಲಿ ಪ್ರಾಗ್ ವಸಂತವೆಂದು ಪ್ರಸಿದ್ಧವಾದ ಸುಧಾರಣಾ ಚಳವಳಿಯನ್ನು ಬೆಂಬಲಿಸಿದರು. ಸುಧಾರಣೆಗೆ ಆಗ್ರಹಿಸಿದ ಎರಡು ಸಾವಿರ ಪದಗಳು ಎಂಬ ಪ್ರಣಾಳಿಕೆಗೆ ಸಹಿ ಹಾಕಿದರು. ಅದೇ ಆಗಸ್ಟ್‌ನಲ್ಲಿ ಸೋವಿಯತ್ ನೇತೃತ್ವದ ಪಡೆಗಳು ದೇಶವನ್ನು ಪ್ರವೇಶಿಸಿದಾಗ ಅದನ್ನು ಬಹಿರಂಗವಾಗಿ ಖಂಡಿಸಿದರು. ಪರಿಣಾಮವಾಗಿ ಅವರನ್ನು ಕಮ್ಯುನಿಸ್ಟ್ ಪಕ್ಷದಿಂದಲೂ ಸೇನೆಯಿಂದಲೂ ಹೊರಹಾಕಲಾಯಿತು. ಓಟಕ್ಕೆ ಆಸರೆಯಾಗಿದ್ದ ಉದ್ಯೋಗವನ್ನು ಹೀಗೆ ಕಳೆದುಕೊಂಡ ಅವರು, ಭೂಗರ್ಭ ಶೋಧನೆಯ ತಂಡವೊಂದರಲ್ಲಿ ನೆಲ ಕೊರೆಯುವ ಕೆಲಸ ಮಾಡುತ್ತ ಪ್ರಾಗ್‌ನಿಂದ ದೂರದಲ್ಲಿ ಹಲವು ವರ್ಷ ಕಳೆದರು.

1989ರಲ್ಲಿ ಕಮ್ಯುನಿಸ್ಟ್ ಆಡಳಿತ ಕೊನೆಗೊಂಡಿತು. ಮರುವರ್ಷ ಸರ್ಕಾರವು ಅವರ ಗೌರವವನ್ನು ಅಧಿಕೃತವಾಗಿ ಮರಳಿಸಿತು. ಜಾಟೊಪೆಕ್ 2000ದ ನವೆಂಬರ್‌ನಲ್ಲಿ, 78ನೆಯ ವಯಸ್ಸಿನಲ್ಲಿ ಪ್ರಾಗ್‌ನಲ್ಲಿ ನಿಧನರಾದರು.