ಸರ್ ಹೊವಾರ್ಡ್ ಗ್ರಬ್

ಎನ್.ಸಿ.ಸಿ.ಯವರು ನಮ್ಮನ್ನು ಮೊದಲ ಸಲ ಗುಂಡು ಹಾರಿಸಲು ಕರೆದೊಯ್ದ ದಿನ ನನ್ನ ಐದು ಗುಂಡುಗಳಲ್ಲಿ ಮೂರು ಹಲಗೆಯನ್ನೇ ಮುಟ್ಟಲಿಲ್ಲ. ಹವಾಲ್ದಾರರು ಹೇಳಿಕೊಟ್ಟ ಕ್ರಮವೇನೋ ಸರಳವಾಗಿಯೇ ಇತ್ತು: ಹಿಂದಿನ ಸೈಟಿನ ನಡುವೆ ಮುಂದಿನ ಸೈಟಿನ ತುದಿ, ಆ ತುದಿಯ ಮೇಲೆ ಗುರಿ. (ಸೈಟು ಎಂದೊಡನೆ ಮನೆಯ ನಿವೇಶನವನ್ನು ನೆನೆಯುವ ಮಿತ್ರರು ಮನ್ನಿಸಬೇಕು, ಗುರಿ ಹಿಡಿಯಲೆಂದು ಬಂದೂಕಿನ ಮೇಲಿರುವ ಗುರುತಿಗೂ ಅದೇ ಹೆಸರು.) ಆದರೆ ತುದಿಯನ್ನು ದಿಟ್ಟಿಸಿದರೆ ಗುರಿ ಮಸುಕಾಗುತ್ತಿತ್ತು, ಗುರಿಯನ್ನು ದಿಟ್ಟಿಸಿದರೆ ತುದಿ ಮಸುಕಾಗುತ್ತಿತ್ತು. ನನ್ನ ಕಣ್ಣಿನಲ್ಲೇ ದೋಷವಿದೆಯೆಂದು ಒಂದು ವಾರ ಕೊರಗಿದೆ. ಆಮೇಲೆ ಪುಸ್ತಕಗಳನ್ನು ತಿರುವಿ ನೋಡಿದಾಗ ತಿಳಿಯಿತು, ಅದು ಮನುಷ್ಯಮಾತ್ರದವರ ಕಣ್ಣಿಗೆಲ್ಲ ಇರುವ ಮಿತಿ. ಹತ್ತಿರದ್ದನ್ನೂ ದೂರದ್ದನ್ನೂ ಅದು ಒಮ್ಮೆಗೇ ಸ್ಪಷ್ಟವಾಗಿ ಕಾಣಲಾರದು. ಇದಕ್ಕೆ ಉಪಾಯ ಕಂಡುಹಿಡಿದವನು ಸೇನಾಪತಿಯೂ ಅಲ್ಲ, ಬಂದೂಕು ಮಾಡುವವನೂ ಅಲ್ಲ. ಡಬ್ಲಿನ್ ನಗರದಲ್ಲಿ ನಕ್ಷತ್ರ ನೋಡುವ ದೂರದರ್ಶಕಗಳನ್ನು ತಯಾರಿಸುತ್ತಿದ್ದ ಹೊವಾರ್ಡ್ ಗ್ರಬ್ ಎಂಬಾತ.

ಗ್ರಬ್ ಹುಟ್ಟಿದ್ದು 1844ರಲ್ಲಿ. ತಂದೆ ಥಾಮಸ್ ಗ್ರಬ್ ಐರ್ಲೆಂಡಿನ ಬ್ಯಾಂಕಿಗೆ ಇಂಜಿನಿಯರ್. ನೋಟು ಅಚ್ಚುಹಾಕುವ ಯಂತ್ರಗಳನ್ನು ರಚಿಸಿದವನು. ಒಂದು ಕಾಲದಲ್ಲಿ ಈತನ ಕಾರ್ಖಾನೆಯಲ್ಲಿ ಬಿಲಿಯರ್ಡ್ಸ್ ಮೇಜುಗಳೂ ತಯಾರಾಗುತ್ತಿದ್ದವು. ದೂರದರ್ಶಕ ಮೊದಲಿಗೆ ಅವನ ಹವ್ಯಾಸವಾಗಿತ್ತು, ಕ್ರಮೇಣ ಕಸುಬಾಯಿತು. ಮಗ ಟ್ರಿನಿಟಿ ಕಾಲೇಜಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದಾಗ, ಆಸ್ಟ್ರೇಲಿಯದ ಮೆಲ್ಬರ್ನಿಗಾಗಿ 48 ಅಂಗುಲದ ಲೋಹದ ಕನ್ನಡಿಯುಳ್ಳ ಭಾರಿ ದೂರದರ್ಶಕವೊಂದನ್ನು ಮಾಡಿಕೊಡುವ ಕೆಲಸ ತಂದೆಗೆ ದೊರೆಯಿತು. ಹುಡುಗ ಓದನ್ನು ಅರ್ಧಕ್ಕೆ ಬಿಟ್ಟು ಕಾರ್ಖಾನೆಗೆ ಇಳಿದ. (ಅಧ್ಯಾಪಕರು ಈ ವಾಕ್ಯವನ್ನು ದಯಮಾಡಿ ಓದದೆ ಬಿಡಬೇಕು.) 1868ರಲ್ಲಿ ಕೆಲಸ ಮುಗಿದು ಯಂತ್ರವು ಸಮುದ್ರ ದಾಟಿತು. ಅಲ್ಲಿ ಕನ್ನಡಿಯ ರಕ್ಷಣೆಗೆಂದು ಬಳಿದಿದ್ದ ಅರಗಿನ ಲೇಪವನ್ನು ತೆಗೆಯುವಾಗ ಅದರ ಮೈ ಕೆಟ್ಟಿತು. ಆ ದೂರದರ್ಶಕಕ್ಕೆ ಬಹುಕಾಲ ಅಪಖ್ಯಾತಿಯೇ ಅಂಟಿಕೊಂಡಿತು.

ಇದರಿಂದ ಗ್ರಬ್ ಧೃತಿಗೆಡಲಿಲ್ಲ. ವಿಯೆನ್ನಾ ವೀಕ್ಷಣಾಲಯಕ್ಕಾಗಿ 27 ಅಂಗುಲದ ಮಸೂರದ ದೂರದರ್ಶಕವನ್ನು ಕಟ್ಟಿದ. ಆ ಬಗೆಯಲ್ಲಿ ಅಂದಿಗೆ ಜಗತ್ತಿನಲ್ಲೇ ಅತ್ಯಂತ ದೊಡ್ಡದು ಅದು. ಗ್ರೀನಿಚ್ಚಿನ 28 ಅಂಗುಲದ ದೂರದರ್ಶಕವೂ ಇವನದೇ. 1887ರಲ್ಲಿ ಸರ್ ಪದವಿ ಬಂದಿತು. ನಮ್ಮ ಕಡೆಗೂ ಇವನ ಕೈಕೆಲಸ ತಲುಪಿದೆ: ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ 15 ಅಂಗುಲದ ದೂರದರ್ಶಕ ಒಂದು, ಭಾವನಗರದ ಮಹಾರಾಜರ ನೆರವಿನಿಂದ ಪುಣೆಗೆ ಬಂದ 20 ಅಂಗುಲದ್ದು ಇನ್ನೊಂದು. ಪುಣೆಯ ವೀಕ್ಷಣಾಲಯವನ್ನು 1912ರಲ್ಲಿ ಮುಚ್ಚಿದಾಗ ಇದು ಕೊಡೈಕೆನಾಲಿಗೆ ಹೋಯಿತು. ಕೊಡೈಕೆನಾಲಿನ ವೀಕ್ಷಣಾಲಯ ಇಂದು ನಡೆಯುತ್ತಿರುವುದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಆಶ್ರಯದಲ್ಲಿ.

ಇನ್ನು ನನ್ನ ಮೂರು ಗುಂಡುಗಳ ವಿಷಯಕ್ಕೆ ಬರುತ್ತೇನೆ. ಮಸೂರದ ನಾಭಿಯಲ್ಲಿ ಒಂದು ಗುರುತನ್ನಿಟ್ಟರೆ ಅದರಿಂದ ಹೊರಟ ಕಿರಣಗಳು ಮಸೂರವನ್ನು ದಾಟಿ ಸಮಾಂತರವಾಗಿ ಬರುತ್ತವೆ. ಆದ್ದರಿಂದ ಆ ಗುರುತು ನಕ್ಷತ್ರದಂತೆ ಅನಂತ ದೂರದಲ್ಲಿರುವ ಹಾಗೆ ತೋರುತ್ತದೆ. ದೂರದರ್ಶಕದವರಿಗೆ ಇದು ದಿನನಿತ್ಯದ ಸಂಗತಿ. ಗ್ರಬ್ ಇದನ್ನು ಬಂದೂಕಿಗೆ ಅಳವಡಿಸಿದ. ಓರೆಯಾಗಿ ನಿಲ್ಲಿಸಿದ ಪಾರದರ್ಶಕ ಗಾಜು ಈ ಗುರುತನ್ನು ಕಣ್ಣಿನ ಕಡೆಗೆ ಪ್ರತಿಫಲಿಸುತ್ತದೆ. ಅದೇ ಗಾಜಿನ ಮೂಲಕ ಎದುರಿನ ಗುರಿಯೂ ಕಾಣುತ್ತದೆ. ಗುರುತೂ ಗುರಿಯೂ ಒಂದೇ ದೂರದಲ್ಲಿರುವಂತೆ ತೋರುವುದರಿಂದ ಎರಡೂ ಸ್ಪಷ್ಟ. ಕಣ್ಣು ಅತ್ತಿತ್ತ ಸ್ವಲ್ಪ ಸರಿದರೂ ಗುರುತು ಗುರಿಯನ್ನು ಬಿಟ್ಟು ಸರಿಯುವುದಿಲ್ಲ. 1900ರಲ್ಲಿ ಇದಕ್ಕೆ ಪೇಟೆಂಟ್ ಪಡೆದು, ಮರುವರ್ಷ ಡಬ್ಲಿನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಗ್ರಬ್ ಇದನ್ನು ವಿವರಿಸಿದ.

ಇದನ್ನು ವಿಮಾನಯುದ್ಧಕ್ಕೆ ಮೊದಲು ಹೂಡಿದವರು ಅವನ ದೇಶದವರಲ್ಲ, ಶತ್ರುಗಳು. 1918ರಲ್ಲಿ ಜರ್ಮನರು ತಮ್ಮ ಕೆಲವು ವಿಮಾನಗಳ ಮೆಷಿನ್ ಗನ್ನುಗಳಿಗೆ ಇಂಥ ಸೈಟನ್ನು ಕೂಡಿಸಿದರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನಗಳಿಗೂ ಅದು ಬಂದಿತು. 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ ನಾಭಿಯಲ್ಲಿ ಬೆಳಕು ಸೂಸುವ ಪುಟ್ಟ ಡಯೋಡನ್ನಿಟ್ಟು, ಕೈಬಂದೂಕಿನ ಮೇಲೆ ಕೂರುವಂತೆ ಮಾಡಿತು. ಇಂದು ಸೈನಿಕರೂ ಪೊಲೀಸರೂ ಬಳಸುವ ಕೆಂಪು ಚುಕ್ಕೆಯ ಸೈಟು ಇದೇ. ಎರಡು ಕಣ್ಣನ್ನೂ ತೆರೆದೇ ಗುರಿ ಹಿಡಿಯಬಹುದು. ಪಕ್ಕದಲ್ಲಿ ಯಾರು ಬಂದರೂ ಕಾಣುತ್ತದೆ. ಮಬ್ಬುಗತ್ತಲಲ್ಲಿ ಕಪ್ಪು ಕಬ್ಬಿಣದ ತುದಿ ಕಾಣದಿದ್ದರೂ ಕೆಂಪು ಚುಕ್ಕೆ ಕಾಣುತ್ತದೆ. ಕೆನ್ನೆ ಇಟ್ಟ ಜಾಗ ತುಸು ತಪ್ಪಿದರೂ ಗುಂಡು ತಪ್ಪಬೇಕಾಗಿಲ್ಲ. ಹಾಗೆಂದು ಇದು ದೂರದ್ದನ್ನು ದೊಡ್ಡದಾಗಿ ತೋರಿಸುವುದಿಲ್ಲ. ಬ್ಯಾಟರಿ ಮುಗಿದರೆ ಚುಕ್ಕೆಯೂ ಇಲ್ಲ. ನಡುಗುವ ಕೈಗೆ, ಟ್ರಿಗರನ್ನು ಜಗ್ಗಿ ಎಳೆಯುವ ಬೆರಳಿಗೆ ಇದರಲ್ಲಿ ಔಷಧವಿಲ್ಲ.

ಆಕಾಶವನ್ನು ನೋಡಲು ಕಲಿತ ವಿದ್ಯೆ ಮನುಷ್ಯನ ಎದೆಗೆ ಗುರಿಯಿಡಲು ಬಳಕೆಯಾದುದು ನನಗೆ ಸಮಾಧಾನದ ಸಂಗತಿಯಲ್ಲ. ಗ್ರಬ್ಬನ ಕಾರ್ಖಾನೆಯನ್ನೂ ಯುದ್ಧ ಸುಮ್ಮನೆ ಬಿಡಲಿಲ್ಲ. ಜಲಾಂತರ್ಗಾಮಿಗಳಿಗೆ ಪೆರಿಸ್ಕೋಪುಗಳನ್ನು ಒದಗಿಸುತ್ತಿದ್ದ ಆ ಕಾರ್ಖಾನೆ ಡಬ್ಲಿನ್ನಿನಲ್ಲಿರುವುದು ಕ್ಷೇಮವಲ್ಲವೆಂದು ಸರ್ಕಾರ ಅದನ್ನು ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಊರಿಗೆ ಸಾಗಿಸಿತು. ಅಲ್ಲಿ ನೆಲೆಯೂರುವ ಹೊತ್ತಿಗೆ ಯುದ್ಧವೇ ಮುಗಿದಿತ್ತು. ಪೆರಿಸ್ಕೋಪು ಕೇಳುವವರಿಲ್ಲ, ದೂರದರ್ಶಕಕ್ಕೆ ಹಣ ಹಾಕುವವರೂ ಇಲ್ಲ. 1925ರಲ್ಲಿ, ಗ್ರಬ್ಬನ ಎಂಬತ್ತರ ವಯಸ್ಸಿನಲ್ಲಿ, ಕಾರ್ಖಾನೆ ಕೈಬಿಟ್ಟಿತು. ಉಗಿ ಟರ್ಬೈನಿನ ಖ್ಯಾತಿಯ ಸರ್ ಚಾರ್ಲ್ಸ್ ಪಾರ್ಸನ್ಸ್ ಅದನ್ನು ಕೊಂಡು ನ್ಯೂಕ್ಯಾಸಲ್ಲಿಗೆ ಒಯ್ದ. ಗ್ರಬ್ಬನ ಹೆಸರನ್ನು ಮಾತ್ರ ತೆಗೆಯಲಿಲ್ಲ. ಮುದುಕ ಡಬ್ಲಿನ್ನಿಗೆ ಮರಳಿ 1931ರಲ್ಲಿ ತೀರಿಕೊಂಡ.

ನಮ್ಮ ಕಾಲೇಜಿನ ರೈಫಲುಗಳಿಗೆ ಕೆಂಪು ಚುಕ್ಕೆಯ ಭಾಗ್ಯವಿಲ್ಲ. ಎರಡನೆಯ ಸಲ ಹೋದಾಗ ಗುರಿ ಮಸುಕಾದರೆ ಆಗಲಿ ಎಂದು ಬಿಟ್ಟು, ಮುಂದಿನ ಸೈಟಿನ ತುದಿಯನ್ನೇ ದಿಟ್ಟಿಸಿದೆ. ಈ ಸಲ ತಪ್ಪಿದ್ದು ಎರಡೇ.