ದಿಲ್ಲಿ ಪಕ್ಕದಲ್ಲಿ ಊರು ಕಟ್ಟಿದ ಮಂಗಳೂರಿನ ಹೆಣ್ಣುಮಗಳು

ಫರೀದಾಬಾದ್ ಅಂದರೆ ಇಲ್ಲಿನವರಿಗೆ ಟ್ರಾಕ್ಟರು, ಟಯರು ತಯಾರಾಗುವ ಊರು. ಅಂಗಡಿಗೆ ಬರುವ ಸಾಮಾನಿನ ಪೆಟ್ಟಿಗೆ ಮೇಲೆ ಆ ಹೆಸರು ಕಂಡವರುಂಟು. ಆ ಊರಿಗೂ ಮಂಗಳೂರಿಗೂ ಏನು ಸಂಬಂಧ ಅಂತ ಕೇಳಿದರೆ ಹೇಳುವವರು ಕಡಿಮೆ. ಸಂಬಂಧ ಇದೆ. 1947ರ ದೇಶ ವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಬಂದ ಸಾವಿರಾರು ಜನರಿಗಾಗಿ ಅಲ್ಲಿ ಹೊಸ ಊರು ಎದ್ದಿತು. ಅದಕ್ಕಾಗಿ ಮುಂದೆ ನಿಂತು ದುಡಿದವರಲ್ಲಿ ಒಬ್ಬರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ.

ಕಮಲಾದೇವಿ ಅಂದರೆ ಕೈಮಗ್ಗ, ಕರಕುಶಲ, ನಾಟಕ ಅಂತ ಸಭೆಗಳಲ್ಲಿ ಹೇಳುವುದು ವಾಡಿಕೆ. ಅದೂ ನಿಜವೇ. ಆದರೆ ನಿರಾಶ್ರಿತರ ಡೇರೆಗಳ ನಡುವೆ ಈ ಹೆಂಗಸು ಮಾಡಿದ ಕೆಲಸ ಕರಕುಶಲದ ಕೆಲಸಕ್ಕಿಂತ ಮೊದಲಿನದು. ಕರಕುಶಲದ ಕೆಲಸವೂ ಬೆಳೆದದ್ದು ಅದೇ ಬೇರಿನಿಂದ.

ತಿಂಗಳ ಖರ್ಚು ಬೇಡ ಅಂದ ತಾಯಿ

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಸಾರಸ್ವತ ಕುಟುಂಬದಲ್ಲಿ. ತಂದೆ ಅನಂತಯ್ಯ ಧಾರೇಶ್ವರ ಸರಕಾರಿ ಹುದ್ದೆಯಲ್ಲಿದ್ದವರು. ತಾಯಿ ಗಿರಿಜಾಬಾಯಿ. ಮಗಳಿಗೆ 7 ವರ್ಷ ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಆಗಿನ ಕಾನೂನಿನ ಪ್ರಕಾರ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ಹೆಂಡತಿ, ಹೆಣ್ಣುಮಕ್ಕಳಿಗೆ ಸಿಕ್ಕಿದ್ದು ತಿಂಗಳಿಗಿಷ್ಟು ಅಂತ ಜೀವನಾಂಶ ಮಾತ್ರ.

ಗಿರಿಜಾಬಾಯಿ ಅದನ್ನು ಮುಟ್ಟಲಿಲ್ಲ. ತವರಿನಿಂದ ತಂದ ಸ್ವತ್ತಿನಲ್ಲೇ ಮಕ್ಕಳನ್ನು ಸಾಕಿದರು. ಇನ್ನೊಬ್ಬರು ಅಳೆದು ಕೊಡುವ ಖರ್ಚಿನಲ್ಲಿ ಬದುಕಬಾರದು ಎಂಬ ಪಾಠ ಕಮಲಾದೇವಿ ಕಲಿತದ್ದು ಶಾಲೆಯಲ್ಲಲ್ಲ, ಮಂಗಳೂರಿನ ಮನೆಯೊಳಗೆ.

ಬಾಲ್ಯದಲ್ಲೇ ಮದುವೆ ಆಯಿತು, ಎಳೆ ವಯಸ್ಸಿನಲ್ಲೇ ವೈಧವ್ಯವೂ ಬಂತು. ತಲೆ ಬೋಳಿಸಿ ಮೂಲೆಗೆ ಕೂರಿಸುವ ಕಾಲ ಅದು. ಇವರು ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜು ಸೇರಿದರು. ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮದುವೆಯಾದರು. ವಿಧವೆಯ ಮರುಮದುವೆ, ಅದೂ ಬೇರೆ ಭಾಷೆಯವರ ಜತೆ! ಜಾತಿಯವರ ಬಾಯಿಗೆ ಕೆಲಸ ಸಿಕ್ಕಿತು. ಕಮಲಾದೇವಿ ಕಿವಿಗೊಡಲಿಲ್ಲ. ಆ ಮದುವೆಯೂ ಬಹಳ ಕಾಲ ಬಾಳಲಿಲ್ಲ. ವಿಚ್ಛೇದನ ಪಡೆದು ತಮ್ಮ ದಾರಿ ಹಿಡಿದರು.

1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಕೂದಲೆಳೆಯಲ್ಲಿ ಸೋತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಜಾಗ ಕೊಡಿ ಅಂತ ಗಾಂಧೀಜಿ ಹತ್ತಿರ ಪಟ್ಟು ಹಿಡಿದರು. ಬೊಂಬಾಯಿಯಲ್ಲಿ ಉಪ್ಪಿನ ಪೊಟ್ಟಣ ಹಿಡಿದು ಶೇರು ಪೇಟೆಗೇ ನುಗ್ಗಿ ಮಾರಿ ಜೈಲು ಕಂಡರು. 1936ರಲ್ಲಿ ಕಾಂಗ್ರೆಸ್ ಸೋಷಲಿಸ್ಟ್ ಪಕ್ಷದ ಅಧ್ಯಕ್ಷೆಯಾದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಚೀನಾ ಸುತ್ತಿ ಅದರ ಬಗ್ಗೆ ಪುಸ್ತಕ ಬರೆದರು. ಜಪಾನಿ ದಾಳಿಗೆ ಊರು ಬಿಟ್ಟು ಓಡಿದ ಜನ ಒಳನಾಡಿನಲ್ಲಿ ಸಹಕಾರಿ ಕಾರ್ಖಾನೆ ಕಟ್ಟಿಕೊಂಡು ಬದುಕುತ್ತಿದ್ದ ಕಾಲ ಅದು.

ಡೇರೆಗಳ ಊರು

1947ರ ಆಗಸ್ಟ್. ಸ್ವಾತಂತ್ರ್ಯ ಬಂತು, ಜತೆಗೆ ದೇಶ ಎರಡು ಹೋಳಾಯಿತು. ಎರಡೂ ಕಡೆಯಿಂದ ಒಂದು ಕೋಟಿಗೂ ಹೆಚ್ಚು ಜನ ಗಡಿ ದಾಟಿದರು. ಸತ್ತವರ ಲೆಕ್ಕ ಲಕ್ಷಗಳಲ್ಲಿ. ದಿಲ್ಲಿಯೊಂದಕ್ಕೇ ಸುಮಾರು 5 ಲಕ್ಷ ನಿರಾಶ್ರಿತರು ಬಂದು ತುಂಬಿದರು. ಕುರುಕ್ಷೇತ್ರದಲ್ಲಿ ಎದ್ದ ಶಿಬಿರವೇ ಎಲ್ಲಕ್ಕಿಂತ ದೊಡ್ಡದು. ಒಂದು ಹಂತದಲ್ಲಿ ಅಲ್ಲಿ ಸುಮಾರು 3 ಲಕ್ಷ ಜನರಿದ್ದರು. ಒಂದು ದೊಡ್ಡ ನಗರದಷ್ಟು ಜನ, ಎಲ್ಲರೂ ಡೇರೆಯೊಳಗೆ.

ಸರಕಾರ ಹಿಟ್ಟು ಕೊಟ್ಟಿತು, ಬೇಳೆ ಕೊಟ್ಟಿತು, ಕಂಬಳಿ ಕೊಟ್ಟಿತು. ಆ ಕ್ಷಣಕ್ಕೆ ಅದು ಬೇಕೇ ಬೇಕು. ಇಲ್ಲದಿದ್ದರೆ ಜನ ಸಾಯುತ್ತಿದ್ದರು. ಆದರೆ ತಿಂಗಳು ಕಳೆದು ವರ್ಷ ಬಂದರೂ ಕ್ಯೂ ಮಾತ್ರ ಕರಗಲಿಲ್ಲ. ಇವರು ಬೇರೆ ಯುದ್ಧಗಳ ನಿರಾಶ್ರಿತರ ಹಾಗೆ ಗಲಾಟೆ ತಣ್ಣಗಾದ ಮೇಲೆ ಊರಿಗೆ ಮರಳುವವರಲ್ಲ. ಬಿಟ್ಟು ಬಂದ ಮನೆಯಲ್ಲಿ ಬೇರೆಯವರು ಒಲೆ ಹಚ್ಚಿಯಾಗಿತ್ತು. ಹಾಗಾದರೆ ಎಲ್ಲಿಗೆ ಹೋಗಬೇಕು? ಏನು ಮಾಡಿ ಬದುಕಬೇಕು?

ದಿಲ್ಲಿಯ ಶಿಬಿರಗಳನ್ನು ಸುತ್ತಿದ ಕಮಲಾದೇವಿ ಹಿಡಿದದ್ದು ಈ ಪ್ರಶ್ನೆಯನ್ನೇ. ನಿನ್ನೆವರೆಗೆ ಗದ್ದೆ ಉತ್ತವನು, ಅಂಗಡಿ ನಡೆಸಿದವನು ಇಂದು ತಟ್ಟೆ ಹಿಡಿದು ನಿಂತಿದ್ದಾನೆ. ಹೀಗೆಯೇ ಬಿಟ್ಟರೆ ಆತ ಸಾಯುವ ತನಕ ನಿರಾಶ್ರಿತನಾಗಿಯೇ ಉಳಿಯುತ್ತಾನೆ ಎಂಬುದು ಅವರಿಗೆ ಮನದಟ್ಟಾಯಿತು. ಬಿಟ್ಟಿ ಅನ್ನ ನಿಲ್ಲಿಸಿ ಅಂತ ಅವರು ಹೇಳಲಿಲ್ಲ. ಬಿಟ್ಟಿ ಅನ್ನ ಬೇಕಾಗದ ಹಾಗೆ ಕೆಲಸ ಕೊಡಿ ಎಂಬುದು ಅವರ ವಾದ.

ಬಿತ್ತನೆ ಇಲ್ಲದ ಹೊಲ

1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಹುಟ್ಟಿತು. ಕಮಲಾದೇವಿ ಅದರ ಮುಖ್ಯಸ್ಥೆ. ಶಿಬಿರದ ಕೆಲಸದಲ್ಲಿ ಪಳಗಿದ್ದ ಲಕ್ಷ್ಮೀ ಚಂದ್ ಜೈನ್ ಎಂಬ ತರುಣ ಬಲಗೈ. ಈ ಜೈನ್ ಮುಂದೆ ಯೋಜನಾ ಆಯೋಗದ ಸದಸ್ಯರಾದರು, ಮ್ಯಾಗ್ಸೆಸೆ ಪ್ರಶಸ್ತಿಯನ್ನೂ ಪಡೆದರು.

ಮೊದಲ ಪ್ರಯೋಗ ದಿಲ್ಲಿ ಹೊರವಲಯದ ಛತ್ತರ್‌ಪುರದಲ್ಲಿ. ಅಲ್ಲಿನ ಮುಸಲ್ಮಾನ ರೈತರು ಊರು ಬಿಟ್ಟು ಹೋಗಿದ್ದರು, ಹೊಲ ಪಾಳು ಬಿದ್ದಿತ್ತು. ಇತ್ತ ಶಿಬಿರದಲ್ಲಿ ಪಂಜಾಬಿನ ರೈತರು ಕೈಕಟ್ಟಿ ಕೂತಿದ್ದರು. ಉಳುವವನಿಗೆ ನೆಲವಿಲ್ಲ, ನೆಲಕ್ಕೆ ಉಳುವವನಿಲ್ಲ. ಇವೆರಡನ್ನೂ ಜೋಡಿಸಿದ್ದೇ ಯೂನಿಯನ್ನಿನ ಕೆಲಸ. ರೈತರದ್ದೇ ಸಹಕಾರ ಸಂಘ ಕಟ್ಟಿ ಬೇಸಾಯ ಶುರು ಮಾಡಿಸಿದರು.

ಸಹಕಾರ ಸಂಘ ಅಂದರೆ ಇಂದು ಬಹಳ ಮಂದಿಗೆ ಸಾಲದ ಸೊಸೈಟಿ, ಚುನಾವಣೆ ಗದ್ದಲ ಮಾತ್ರ ನೆನಪಾಗುತ್ತದೆ. ಆಗಿನ ಅರ್ಥ ಬೇರೆ. ಸದಸ್ಯನೇ ಮಾಲೀಕ, ಸದಸ್ಯನೇ ಕೆಲಸಗಾರ. ಪಾಲು ಎಷ್ಟೇ ಇರಲಿ, ಓಟು ಒಂದೇ. ಬಂದ ಲಾಭ ನಡುವಿನ ದಲ್ಲಾಳಿಗೆ ಹೋಗುವಂತಿಲ್ಲ.

ಇಟ್ಟಿಗೆ ಹೊತ್ತ ವ್ಯಾಪಾರಿಗಳು

ಕುರುಕ್ಷೇತ್ರದ ಶಿಬಿರದಲ್ಲಿ ವಾಯವ್ಯ ಗಡಿನಾಡಿನ ಹಿಂದೂ, ಸಿಖ್ ಕುಟುಂಬಗಳಿದ್ದವು. ಬನ್ನೂ, ಡೇರಾ ಇಸ್ಮಾಯಿಲ್ ಖಾನ್, ಕೋಹಟ್, ಪೇಶಾವರದ ಕಡೆಯವರು. ಇವರಲ್ಲಿ ಹಲವರು ಗಡಿನಾಡ ಗಾಂಧಿ ಖಾನ್ ಅಬ್ದುಲ್ ಗಫಾರ್ ಖಾನರ ಖುದಾಯಿ ಖಿದ್ಮತ್‌ಗಾರ್ ದಳದಲ್ಲಿ ಪಳಗಿದವರು. ಇವರನ್ನು ಹಂಚಿ ಬೇರೆ ಬೇರೆ ಕಡೆ ಕಳಿಸುವ ಯೋಚನೆ ಸರಕಾರಕ್ಕಿತ್ತು. ಇವರು ಒಪ್ಪಲಿಲ್ಲ. ಊರಂತೂ ಹೋಯಿತು, ನೆರೆಕರೆಯವರಾದರೂ ಒಟ್ಟಿಗಿರಲಿ ಅಂತ ದಿಲ್ಲಿಗೆ ಬಂದು ಸತ್ಯಾಗ್ರಹ ಹೂಡಿದರು. ಕೊನೆಗೆ ಸರಕಾರ ಮಣಿಯಿತು. ದಿಲ್ಲಿಯಿಂದ ದಕ್ಷಿಣಕ್ಕೆ 20 ಮೈಲಿ ಆಸುಪಾಸಿನ ಫರೀದಾಬಾದಿನಲ್ಲಿ ಜಾಗ ಗೊತ್ತಾಯಿತು.

1949ರಲ್ಲಿ ಫರೀದಾಬಾದ್ ಅಭಿವೃದ್ಧಿ ಮಂಡಳಿ ಬಂತು. ಅಧ್ಯಕ್ಷರು ಬಾಬು ರಾಜೇಂದ್ರ ಪ್ರಸಾದ್. ಪ್ರಧಾನಿ ನೆಹರೂ ತಾವೇ ಸಭೆಗಳಿಗೆ ಬಂದು ಕೂರುತ್ತಿದ್ದರು. ಗಾಂಧೀಜಿಯ ಆಪ್ತರಾಗಿದ್ದ ಸುಧೀರ್ ಘೋಷ್ ಆಡಳಿತ ನೋಡಿಕೊಂಡರು. ಜನರನ್ನು ಸಂಘಟಿಸುವ ಹೊಣೆ ಕಮಲಾದೇವಿಯವರ ಯೂನಿಯನ್ ಹೊತ್ತಿತು.

ಇಲ್ಲೇ ಮೊದಲ ಜಟಾಪಟಿ. ಮನೆ ಕಟ್ಟುವುದು ಯಾರು? ಸರಕಾರಿ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಟೆಂಡರು ಕರೆಯುವುದು, ಕಂಟ್ರಾಕ್ಟರ್ ಬರುವುದು, ಆತ ಬೇರೆ ಕಡೆಯ ಕೂಲಿಗಳನ್ನು ತರುವುದು. ಮನೆ ಏಳುವ ತನಕ ಅದರಲ್ಲಿ ಇರಬೇಕಾದವನು ಡೇರೆಯಲ್ಲಿ ಕೂತು ರೇಷನ್ ತಿನ್ನುವುದು. ಯೂನಿಯನ್ ಇದನ್ನು ವಿರೋಧಿಸಿತು. ಮನೆ ಅವರದ್ದು, ಅವರೇ ಕಟ್ಟಲಿ, ಕೂಲಿಯೂ ಅವರಿಗೇ ಸಿಗಲಿ ಅಂತ ಪಟ್ಟು ಹಿಡಿಯಿತು.

ಹೇಳಿದಷ್ಟು ಸುಲಭ ಇರಲಿಲ್ಲ. ಬಂದವರಲ್ಲಿ ಹೆಚ್ಚಿನವರು ವ್ಯಾಪಾರಿಗಳು, ಅಂಗಡಿಕಾರರು. ತಕ್ಕಡಿ ಹಿಡಿದ ಕೈ ಗುದ್ದಲಿ ಹಿಡಿದಿರಲಿಲ್ಲ. ಗಲ್ಲೆ ಮುಂದೆ ಕೂತು ನಾಲ್ಕು ಜನರಿಗೆ ಸಾಲ ಕೊಟ್ಟವನು ತಲೆ ಮೇಲೆ ಮಣ್ಣಿನ ಬುಟ್ಟಿ ಹೊರುವುದೆಂದರೆ ಮಾನ ಹೋದ ಹಾಗೆ. ಒಪ್ಪಿಸಲು ಕಾರ್ಯಕರ್ತರು ಡೇರೆಯಿಂದ ಡೇರೆಗೆ ಅಲೆದರು. ಮೊದಲು ಬೆರಳೆಣಿಕೆಯವರು ಬಂದರು. ಕೈಗೆ ಕೂಲಿ ಬಿದ್ದದ್ದು ನೋಡಿ ಉಳಿದವರೂ ಬಂದರು. ಇಟ್ಟಿಗೆ ಸುಡುವವರ ಸಂಘ, ಮನೆ ಕಟ್ಟುವವರ ಸಂಘ, ಸಾಗಾಟದವರ ಸಂಘ ಹೀಗೆ ಒಂದೊಂದೇ ಹುಟ್ಟಿದವು. ಸಾವಿರಾರು ಮನೆಗಳು ಎದ್ದವು. ಬಿಟ್ಟಿ ರೇಷನ್ ನಿಂತಿತು, ಕೂಲಿ ಬಟವಾಡೆ ಶುರುವಾಯಿತು.

ವಿದ್ಯುತ್ತಿನ ಕತೆ ಇನ್ನೂ ಸ್ವಾರಸ್ಯ. ಯುದ್ಧ ಸೋತ ಜರ್ಮನಿಯಿಂದ ಪರಿಹಾರವಾಗಿ ಬಂದಿದ್ದ ಡೀಸೆಲ್ ವಿದ್ಯುತ್ ಯಂತ್ರವೊಂದು ಕಲ್ಕತ್ತೆಯಲ್ಲಿ ಪೆಟ್ಟಿಗೆಯೊಳಗೇ ಬಿದ್ದಿತ್ತು. ಅದನ್ನು ಫರೀದಾಬಾದಿಗೆ ತಂದರು. ಜರ್ಮನ್ ಎಂಜಿನಿಯರ್ ತೋರಿಸಿಕೊಟ್ಟ, ಬೋಲ್ಟು ನಟ್ಟು ಬಿಗಿದು ನಿಲ್ಲಿಸಿದವರು ನಿನ್ನೆವರೆಗೆ ಬಟ್ಟೆ, ದಿನಸಿ ಮಾರಿದ್ದ ನಿರಾಶ್ರಿತರು. ವಿದ್ಯುತ್ ಬಂದದ್ದೇ ತಡ, ಕಾರ್ಖಾನೆಗಳು ಬಂದವು. ಬಾಟಾ ಕಂಪೆನಿಯ ಪಾದರಕ್ಷೆ ಕಾರ್ಖಾನೆ ಬಂದದ್ದೂ ಆ ದಿನಗಳಲ್ಲೇ. ಗಾಂಧೀಜಿಯ ಮೂಲ ಶಿಕ್ಷಣ ಪದ್ಧತಿಯ ಶಾಲೆಗಳು ತೆರೆದವು.

ಆಸ್ಪತ್ರೆಯನ್ನೂ ಕಟ್ಟಿಕೊಂಡರು. ಅದಕ್ಕೆ ಅವರು ಇಟ್ಟ ಹೆಸರು ಬಾದಶಹಾ ಖಾನ್, ಅಂದರೆ ಅದೇ ಗಫಾರ್ ಖಾನ್. ಮತದ ಹೆಸರಿನಲ್ಲಿ ಊರಿನಿಂದ ಹೊರಬಿದ್ದ ಹಿಂದೂ, ಸಿಖ್ಖರು ತಮ್ಮ ಆಸ್ಪತ್ರೆಗೆ ಮುಸಲ್ಮಾನ ನಾಯಕನ ಹೆಸರಿಟ್ಟರು! ಮನೆ ಕಳೆದುಕೊಂಡವರು ಬುದ್ಧಿ ಕಳೆದುಕೊಂಡಿರಲಿಲ್ಲ.

ಕಡತ ಬಂತು, ಸಂಘ ಹೋಯಿತು

ಇಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು. 1950ರ ದಶಕದ ಮೊದಲಲ್ಲೇ ಗಾಳಿ ತಿರುಗಿತು. ಊರು ಪುನರ್ವಸತಿ ಖಾತೆಯ ಕೈಗೆ ಹೋಯಿತು. ಖಾತೆಗೆ ಬೇಕಾದದ್ದು ಲೆಕ್ಕ ಮುಗಿಸುವುದು, ಕಡತ ಮುಚ್ಚುವುದು. ಕೆಲಸಗಾರರೇ ಮಾಲೀಕರಾಗುವ ಪ್ರಯೋಗಕ್ಕೆ ಕಾಯುವ ತಾಳ್ಮೆ ಅದಕ್ಕಿರಲಿಲ್ಲ. ಸಹಕಾರಿ ಸಂಘಗಳು, ಉದ್ಯಮಗಳು ಒಂದೊಂದಾಗಿ ಮುಚ್ಚಿದವು, ಇಲ್ಲವೇ ಖಾಸಗಿಯವರ ಪಾಲಾದವು. ಊರು ಬೆಳೆಯಿತು, ಹರಿಯಾಣದ ದೊಡ್ಡ ಕೈಗಾರಿಕಾ ನಗರವಾಯಿತು. ಹಳೆ ಬಡಾವಣೆಗಳನ್ನು ಜನ ಇಂದೂ ಎನ್.ಐ.ಟಿ. ಅಂತಾರೆ. ಆದರೆ ಇಟ್ಟಿಗೆ ಹೊತ್ತವರೇ ಯಜಮಾನರಾಗಬೇಕೆಂಬ ಮಾತು ಅರ್ಧಕ್ಕೇ ನಿಂತಿತು. ಈ ನೋವನ್ನು ಜೈನ್ ಮುಂದೆ ಒಂದು ಪುಸ್ತಕವಾಗಿಯೇ ಬರೆದರು.

ಕಮಲಾದೇವಿ ಗೋಳಾಡುತ್ತಾ ಕೂರಲಿಲ್ಲ. ನಿರಾಶ್ರಿತರ ನಡುವೆ ಕಸೂತಿ ಬಲ್ಲ ಹೆಂಗಸರಿದ್ದರು, ನೇಯ್ಗೆ ಬಲ್ಲ ಗಂಡಸರಿದ್ದರು. ಕಸುಬು ಮಾತ್ರ ಗಡಿಯಲ್ಲಿ ಯಾರೂ ಕಿತ್ತುಕೊಳ್ಳಲಾಗದ ಸ್ವತ್ತು. ಆದರೆ ಮಾರುವುದೆಲ್ಲಿ? 1952ರಲ್ಲಿ ದಿಲ್ಲಿಯ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ನಡೆಸುವ ಹೊಣೆ ಯೂನಿಯನ್ನಿಗೆ ಬಂತು. ಅದೇ ವರ್ಷ ಅಖಿಲ ಭಾರತ ಕರಕುಶಲ ಮಂಡಳಿ ಹುಟ್ಟಿತು, ಕಮಲಾದೇವಿ ಅದರ ಅಧ್ಯಕ್ಷೆಯಾದರು. ಮುಂದೆ ದೇಶದ ಮೂಲೆಮೂಲೆಯ ನೇಕಾರ, ಕುಂಬಾರ, ಬಡಗಿಗಳ ಮನೆಬಾಗಿಲಿಗೆ ಹೋದರು. ಡೇರೆಯಲ್ಲಿ ಶುರುವಾದ ಮಾತೇ ಅಲ್ಲಿಯೂ ನಡೆಯಿತು. ಕನಿಕರ ಬೇಡ, ಕೈಗೆ ಕೆಲಸ, ಕೆಲಸಕ್ಕೆ ಬೆಲೆ.

ಸ್ವಾತಂತ್ರ್ಯ ಬಂದ ಮೇಲೆ ಅವರ ಜತೆ ಜೈಲಿನಲ್ಲಿದ್ದ ಎಷ್ಟೋ ಜನ ಮಂತ್ರಿಗಳಾದರು, ರಾಜ್ಯಪಾಲರಾದರು. ಕಮಲಾದೇವಿ ಆ ದಾರಿ ತುಳಿಯಲಿಲ್ಲ. ಪ್ರಶಸ್ತಿಗಳು ತಾವಾಗಿ ಬಂದವು. 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೆಸೆ, 1987ರಲ್ಲಿ ಪದ್ಮವಿಭೂಷಣ. 1988ರ ಅಕ್ಟೋಬರ್ 29ರಂದು ಬೊಂಬಾಯಿಯಲ್ಲಿ ತೀರಿಕೊಂಡರು. ವಯಸ್ಸು 85.

ಗಂಜಿ ಕೇಂದ್ರ ಮುಚ್ಚಿದ ಮೇಲೆ

ನೆರೆ ಬರಲಿ, ಗುಡ್ಡ ಜರಿಯಲಿ, ಗಲಭೆ ಆಗಲಿ, ನಮ್ಮಲ್ಲಿ ಮೊದಲು ಎದ್ದು ನಿಲ್ಲುವುದು ಗಂಜಿ ಕೇಂದ್ರ. ಪಂಚಾಯತಿನವರು ಅಕ್ಕಿ ತರುತ್ತಾರೆ, ಅಂಗಡಿಯವರು ಹಳೆ ಬಟ್ಟೆ, ಬಿಸ್ಕತ್ತು ಕೊಡುತ್ತಾರೆ, ಮುಖಂಡರು ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಅದು ಬೇಡ ಅನ್ನುವವರಿಲ್ಲ. ಹಸಿದವನಿಗೆ ಮೊದಲು ಅನ್ನವೇ ಬೇಕು. ಆದರೆ ಕೇಂದ್ರದ ಬೀಗ ಬಿದ್ದ ಮಾರನೇ ದಿನ ಆ ಕುಟುಂಬ ಎಲ್ಲಿಗೆ ಹೋಯಿತು, ಹೊಸ ಮನೆ ಕಟ್ಟುವ ಕೂಲಿ ಯಾರ ಜೇಬಿಗೆ ಬಿತ್ತು ಎಂದು ಕೇಳುವವರು ಕಡಿಮೆ.

ಕಮಲಾದೇವಿ 1948ರಲ್ಲೇ ಆ ಲೆಕ್ಕ ಕೇಳಿದ್ದರು. ಅರ್ಧ ಗೆದ್ದರು, ಅರ್ಧ ಸೋತರು. ಗೆದ್ದ ಅರ್ಧ ಇಂದು ಫರೀದಾಬಾದಿನಲ್ಲಿ ಮನೆಯಾಗಿ, ಬೀದಿಯಾಗಿ ನಿಂತಿದೆ. ಸೋತ ಅರ್ಧದ ಲೆಕ್ಕ ಮುಂದಿನ ಗಂಜಿ ಕೇಂದ್ರ ತೆರೆಯುವ ದಿನವಾದರೂ ಯಾರಾದರೂ ಕೇಳಬೇಕು.